ಕಂಪ್ಯೂಟರಿನಲ್ಲಿ ಬರೆಯುವವರ ಮೈಕೈ ನೋವು: ಮೂಲವನ್ನು ಪತ್ತೆಹಚ್ಚುವ ಕ್ರಮ

ದಿನವೂ ಹಲವು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು ಬರೆಯುವವರಿಗೆ ಕತ್ತು, ಹೆಗಲು, ಮಣಿಕಟ್ಟು, ಸೊಂಟ, ಕಣ್ಣು ಇವುಗಳಲ್ಲಿ ಯಾವುದಾದರೊಂದು ಎಂದಾದರೂ ತಕರಾರು ತೆಗೆದೇ ತೆಗೆಯುತ್ತದೆ. ಆಗ ಬಹಳಷ್ಟು ಮಂದಿ ಮೊದಲು ಮಾಡುವ ಕೆಲಸವೆಂದರೆ ಹೊಸ ಕುರ್ಚಿ ಹುಡುಕುವುದು. ಅದರ ಬೆನ್ನಿಗೇ ಹೊಸ ಕೀಬೋರ್ಡ್, ಬೆನ್ನಿಗೊಂದು ದಿಂಬು, ಮಣಿಕಟ್ಟಿಗೊಂದು ಪಟ್ಟಿ. ಹೀಗೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದಾಗ ನೋವು ಹೋದರೆ ಯಾವುದರಿಂದ ಹೋಯಿತೆಂಬುದು ತಿಳಿಯುವುದಿಲ್ಲ, ಹೋಗದಿದ್ದರೆ ಮುಂದೇನು ಮಾಡಬೇಕೆಂಬುದೂ ತಿಳಿಯುವುದಿಲ್ಲ. ನೋವು ಕಾಣಿಸಿಕೊಳ್ಳುವ ಜಾಗವೇ ದೋಷವಿರುವ ಜಾಗವಾಗಿರಬೇಕಿಲ್ಲ ಎಂಬುದು ಈ ಬಗೆಯ ತೊಂದರೆಗಳ ಮುಖ್ಯ ಲಕ್ಷಣ: ಕಿರುಬೆರಳಿನ ಜೋಮಿಗೆ ಮೇಜಿನ ಅಂಚಿಗೆ ಊರಿದ ಮೊಣಕೈ ಕಾರಣವಾಗಿರಬಹುದು, ಸೊಂಟದ ನೋವಿಗೆ ಪರದೆಯ ಮೇಲಿನ ಸಣ್ಣ ಅಕ್ಷರಗಳು ಕಾರಣವಾಗಿರಬಹುದು.

ಬರೆಯುವವರ ಸ್ಥಿತಿ ಅಂಕಿಅಂಶಗಳನ್ನು ತುಂಬಿಸುವವರ ಸ್ಥಿತಿಯಂತಲ್ಲ. ತುಂಬಿಸುವವರ ಕೈ ಎಡೆಬಿಡದೆ ಓಡುತ್ತದೆ. ಬರೆಯುವವರ ಕೈ ಒಂದು ವಾಕ್ಯ ಓಡಿ ಮುಂದಿನ ಪದಕ್ಕಾಗಿ ನಿಲ್ಲುತ್ತದೆ, ಮತ್ತು ಆ ನಿಲುಗಡೆಯಲ್ಲಿ ದೇಹ ವಿಶ್ರಾಂತಿ ಪಡೆಯುವ ಬದಲು ಇದ್ದಲ್ಲೇ ಬಿಗಿಯುತ್ತದೆ: ಬೆರಳುಗಳು ಕೀಲಿಗಳ ಮೇಲೆ ತೇಲುತ್ತಿರುತ್ತವೆ, ಹೆಗಲು ಕಿವಿಯ ಕಡೆಗೆ ಏರಿರುತ್ತದೆ, ಗದ್ದ ಮುಂದಕ್ಕೆ ಚಾಚಿರುತ್ತದೆ, ಎಷ್ಟೋ ಸಲ ಉಸಿರು ಕೂಡ ಅರ್ಧಕ್ಕೆ ನಿಂತಿರುತ್ತದೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1713ರಲ್ಲಿ ಲಿಪಿಕಾರರ ಕಾಯಿಲೆಗಳಿಗೆ ಮೂರು ಕಾರಣಗಳನ್ನು ಕೊಟ್ಟಿದ್ದರು: ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಬಿಡುವಿಲ್ಲದೆ ಆಡಿಸುವುದು, ಬರಹದಲ್ಲಿ ತಪ್ಪಾಗಬಾರದೆಂದು ಮನಸ್ಸನ್ನು ಬಿಗಿಹಿಡಿದಿರುವುದು. ಇಂದು ಮೊದಲ ಎರಡರ ಬಗ್ಗೆ ಸಲಹೆಗಳಿಗೆ ಕೊರತೆಯಿಲ್ಲ. ಮೂರನೆಯದನ್ನು ಕುರ್ಚಿ ಮಾರುವವರು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಮಾರಲು ಸರಕಿಲ್ಲ. ಕೆಳಗಿನ ಪರೀಕ್ಷೆಗಳನ್ನು ಮಾಡುವಾಗಲೆಲ್ಲ ಟೈಪ್ ಮಾಡುತ್ತಿರುವ ಹೊತ್ತನ್ನು ನೋಡಿದರೆ ಸಾಲದು, ಟೈಪ್ ಮಾಡದೆ ಯೋಚಿಸುತ್ತಿರುವ ಹೊತ್ತನ್ನೂ ನೋಡಬೇಕು. ನನ್ನ ಅಂದಾಜಿನಲ್ಲಿ ಬರೆಯುವವರ ಹೆಚ್ಚಿನ ದೋಷಗಳು ಅಲ್ಲಿಯೇ ಸಿಗುತ್ತವೆ.

ಮೇಜು ಕುರ್ಚಿಯನ್ನು ಮುಟ್ಟುವ ಮೊದಲು

ಕೆಲವು ಲಕ್ಷಣಗಳು ಈ ಕೈಪಿಡಿಯ ವ್ಯಾಪ್ತಿಗೆ ಸೇರಿದವಲ್ಲ. ಅವು ಕಂಡರೆ ಕುರ್ಚಿಯ ಎತ್ತರ ಅಳೆಯುತ್ತಾ ಕೂರದೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಬೆನ್ನುನೋವಿನ ಜೊತೆಗೆ ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು, ತೊಡೆಗಳ ಒಳಬದಿ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವುದರ ಸೂಚನೆಯಾಗಿರಬಹುದು, ಅದರಲ್ಲಿ ಗಂಟೆಗಳೂ ಮುಖ್ಯವಾಗುತ್ತವೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ ಇಟ್ಟುಕೊಳ್ಳಬೇಕು. ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವ ಎದೆಯ ಒತ್ತಡವನ್ನು ‘ಟೈಪ್ ಮಾಡಿ ಹಿಡಿದುಕೊಂಡಿರಬೇಕು’ ಎಂದು ತಳ್ಳಿಹಾಕಬಾರದು. ಹಠಾತ್ತನೆ ಬಂದು ಕ್ಷಣಗಳಲ್ಲಿ ತೀವ್ರವಾಗುವ ತಲೆನೋವು, ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಕುಂದುವುದು, ಕೈ ಅಥವಾ ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುವುದು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ನೋವಿನ ಗಡಿಯಾರ

ಎಲ್ಲಿ ನೋಯುತ್ತದೆ ಎಂಬುದಕ್ಕಿಂತ ಯಾವಾಗ ನೋಯುತ್ತದೆ ಎಂಬುದು ಹೆಚ್ಚು ಹೇಳುತ್ತದೆ. ಒಂದು ವಾರದ ಮಟ್ಟಿಗೆ ಒಂದು ಹಾಳೆಯಲ್ಲಿ ಬರೆಯಲು ಕುಳಿತ ಸಮಯ, ನೋವು ಮೊದಲು ಗಮನಕ್ಕೆ ಬಂದ ಸಮಯ, ಎದ್ದಮೇಲೆ ಅದು ಕರಗಲು ಹಿಡಿದ ಸಮಯ ಇವಿಷ್ಟನ್ನು ಗುರುತು ಹಾಕಿಕೊಂಡರೆ ಸಾಕು. ಕುಳಿತ ಐದು ನಿಮಿಷದೊಳಗೆ ನೋವು ಬಂದು, ಎದ್ದ ಕೂಡಲೇ ಹೋದರೆ ಯಾವುದೋ ಗಟ್ಟಿ ವಸ್ತು ದೇಹಕ್ಕೆ ನೇರವಾಗಿ ಒತ್ತುತ್ತಿದೆ ಅಥವಾ ಯಾವುದೋ ಕೀಲು ತನ್ನ ಮಿತಿಯವರೆಗೆ ಬಾಗಿದೆ ಎಂದರ್ಥ. ಮೇಜಿನ ಅಂಚು, ಕುರ್ಚಿಯ ಕೈ, ಹಿಂಬದಿಯ ಜೇಬಿನಲ್ಲಿರುವ ಪರ್ಸು ಇಂಥವನ್ನು ಮೊದಲು ನೋಡಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯ ನಡುವೆ ನಿಧಾನವಾಗಿ ಏರುವ ನೋವು ಸಾಮಾನ್ಯವಾಗಿ ಸ್ನಾಯು ಒಂದೇ ಸಮನೆ ಬಿಗಿದಿರುವುದರಿಂದ ಬರುತ್ತದೆ: ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ, ಆದ್ದರಿಂದ ಸಣ್ಣ ಹೊರೆಯಾದರೂ ಬಿಡುವಿಲ್ಲದಿದ್ದರೆ ದಣಿಸುತ್ತದೆ. ರಾತ್ರಿ ಎಚ್ಚರಗೊಳಿಸುವ ಜೋಮು ಹೆಚ್ಚಾಗಿ ನರದ ತೊಂದರೆ.

ಬೆಳಗ್ಗೆ ಎದ್ದಾಗಲೇ ಇದ್ದು, ಕೆಲಸ ಶುರುವಾದ ಮೇಲೆ ಕಡಿಮೆಯಾಗುವ ಕತ್ತಿನ ನೋವಿಗೆ ಮೇಜನ್ನು ದೂರುವುದು ಅನ್ಯಾಯ. ದಿಂಬನ್ನೂ ಮಲಗುವ ಭಂಗಿಯನ್ನೂ ಪರಿಶೀಲಿಸಬೇಕು. ಎರಡು ಮೂರು ದಿನ ಬರೆಯದೇ ಇದ್ದು, ಆ ದಿನಗಳಲ್ಲೂ ನೋವು ಒಂದಿಷ್ಟೂ ತಗ್ಗದಿದ್ದರೆ ಆಗಲೂ ಮೇಜು ನಿರ್ದೋಷಿಯಾಗಿರುವ ಸಾಧ್ಯತೆ ಹೆಚ್ಚು. ಆದರೆ ಆ ದಿನಗಳಲ್ಲಿ ಮೊಬೈಲನ್ನು ಮಡಿಲಲ್ಲಿಟ್ಟು ತಲೆ ಬಗ್ಗಿಸಿ ನೋಡುತ್ತಿದ್ದರೆ ಪರೀಕ್ಷೆಯೇ ಕೆಟ್ಟುಹೋಗುತ್ತದೆ, ಏಕೆಂದರೆ ಕತ್ತಿನ ಪಾಲಿಗೆ ಅದೂ ಅದೇ ಕೆಲಸ.

ಈ ಹಾಳೆ ಸಿದ್ಧವಾದ ಮೇಲೆ ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಮೂರು ನಾಲ್ಕು ದಿನ ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕಬೇಕು. ಹೊಸ ಭಂಗಿಗೆ ಹೊಂದಿಕೊಳ್ಳದ ಸ್ನಾಯುಗಳು ಮೊದಲ ಒಂದೆರಡು ದಿನ ಬೇರೆ ಕಡೆ ನೋಯುವುದುಂಟು. ಆ ಕಾರಣಕ್ಕೆ ಬದಲಾವಣೆಯನ್ನು ತಕ್ಷಣ ಹಿಂದೆಗೆದುಕೊಳ್ಳಬೇಕಿಲ್ಲ.

ಕತ್ತು ಮತ್ತು ಹೆಗಲು

ಲ್ಯಾಪ್‌ಟಾಪಿನಲ್ಲಿ ಬರೆಯುವವರು ಉಳಿದ ಯಾವ ಪರೀಕ್ಷೆಯನ್ನೂ ಮಾಡುವ ಮೊದಲು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು: ಪರದೆ ಮತ್ತು ಕೀಲಿಗಳು ಒಂದಕ್ಕೊಂದು ಅಂಟಿಕೊಂಡಿರುವ ಯಂತ್ರವನ್ನು ಸರಿಯಾದ ಎತ್ತರದಲ್ಲಿ ಇಡಲು ಸಾಧ್ಯವೇ ಇಲ್ಲ. ಕೈಗೆ ಸರಿಹೋದರೆ ಪರದೆ ತಗ್ಗುತ್ತದೆ, ಕಣ್ಣಿಗೆ ಸರಿಹೋದರೆ ಕೀಲಿಗಳು ಎದೆಯ ಮಟ್ಟಕ್ಕೇರುತ್ತವೆ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ಅದು ಹೆಗಲಿನ ನೇರಕ್ಕಿರುವಾಗ ಮೂಳೆಗಳೇ ಅದನ್ನು ಹೊರುತ್ತವೆ, ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಬದಿಯ ಸ್ನಾಯುಗಳು ಅದನ್ನು ಹಿಡಿದೆಳೆದು ನಿಲ್ಲಿಸಬೇಕಾಗುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಲ್ಯಾಪ್‌ಟಾಪಿನಲ್ಲಿ ಬರೆಯುವವರು ಬೇರೆ ಕೀಬೋರ್ಡನ್ನೂ ಮೌಸನ್ನೂ ಜೋಡಿಸಿ, ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಾದರೂ ಎತ್ತಿಡುವುದು ಈ ಇಡೀ ಕೈಪಿಡಿಯಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಡುವ ಬದಲಾವಣೆ.

ಪರದೆ ಪ್ರತ್ಯೇಕವಾಗಿದ್ದೂ ಕತ್ತಿನ ಹಿಂಬದಿ ನೋಯುತ್ತಿದ್ದರೆ ಎತ್ತರವನ್ನು ಹೀಗೆ ಪರೀಕ್ಷಿಸಬಹುದು. ಒರಗಿ ಕುಳಿತು, ಕಣ್ಣು ಮುಚ್ಚಿ, ತಲೆಯನ್ನು ಮೇಲೆ ಕೆಳಗೆ ಆಡಿಸಿ ಅದು ತಾನಾಗಿ ಹಗುರವಾಗಿ ನಿಲ್ಲುವ ಜಾಗಕ್ಕೆ ತಂದು, ಆಮೇಲೆ ಕಣ್ಣು ತೆರೆಯಬೇಕು. ಆಗ ನೋಟ ಪರದೆಯ ಮೇಲಂಚಿಗೆ ಅಥವಾ ಅದಕ್ಕಿಂತ ತುಸು ಕೆಳಕ್ಕೆ ಬಿದ್ದರೆ ಎತ್ತರ ಸರಿಯಿದೆ. ಪರದೆಯ ಮೇಲಿನ ಗೋಡೆಗೆ ಬಿದ್ದರೆ ಪರದೆ ತಗ್ಗಿದೆ. ದೂರಕ್ಕೂ ಸಮೀಪಕ್ಕೂ ಒಂದೇ ಮಸೂರವಿರುವ ಕನ್ನಡಕ, ಅಂದರೆ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಧರಿಸುವವರಿಗೆ ಈ ನಿಯಮ ತಿರುಗುಮುರುಗಾಗುತ್ತದೆ. ಅವರು ಮಸೂರದ ಕೆಳಭಾಗದಿಂದ ಓದಲೆಂದು ಗದ್ದವನ್ನು ಮೇಲೆತ್ತಿ ತಲೆಯನ್ನು ಹಿಂದಕ್ಕೆ ಮಡಚುತ್ತಾರೆ, ನೋವು ತಲೆಬುರುಡೆಯ ಬುಡದಲ್ಲಿ ಶುರುವಾಗಿ ಹಣೆಯವರೆಗೆ ಬರುತ್ತದೆ. ಅಂಥವರು ಪರದೆಯನ್ನು ಇನ್ನಷ್ಟು ತಗ್ಗಿಸಬೇಕು, ಇಲ್ಲವೇ ಪರದೆಯ ದೂರಕ್ಕೆಂದೇ ಲೆಕ್ಕ ಹಾಕಿದ ಒಂದು ಕನ್ನಡಕ ಮಾಡಿಸಿಕೊಳ್ಳಬೇಕು. ಕನ್ನಡಕ ತೆಗೆದಿಟ್ಟು, ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಒಂದು ಪುಟ ಬರೆದಾಗ ಕತ್ತು ಹಗುರವಾದರೆ ದೋಷ ಎಲ್ಲಿದೆಯೆಂಬುದು ಖಚಿತವಾಯಿತು.

ನೋವು ಕತ್ತಿನ ಒಂದೇ ಪಕ್ಕದಲ್ಲಿದ್ದರೆ ಎತ್ತರವನ್ನು ಬಿಟ್ಟು ದಿಕ್ಕನ್ನು ನೋಡಬೇಕು. ಎರಡು ಪರದೆಗಳಿರುವವರು ಬರೆಯುವ ಪರದೆಯನ್ನು ಮೂಗಿನ ನೇರಕ್ಕೆ ತಂದು, ಆಕರಗಳಿರುವ ಇನ್ನೊಂದನ್ನು ಪಕ್ಕಕ್ಕೆ ಸರಿಸಬೇಕು. ಎರಡರ ನಡುವಿನ ಅಂಚು ಮೂಗಿನ ನೇರಕ್ಕಿದ್ದರೆ ತಲೆ ಇಡೀ ದಿನ ಒಂದು ಕಡೆಗೆ ತಿರುಗಿರುತ್ತದೆ. ಮೇಜಿನ ಮೇಲೆ ಚಪ್ಪಟೆಯಾಗಿ ಬಿಡಿಸಿಟ್ಟ ಪುಸ್ತಕವನ್ನೋ ಹಸ್ತಪ್ರತಿಯನ್ನೋ ನೋಡುತ್ತಾ ಬರೆಯುವವರಿಗೂ ಇದೇ ಗತಿ. ಪುಟವನ್ನು ಪರದೆಯ ಪಕ್ಕದಲ್ಲೇ ಅದೇ ಎತ್ತರಕ್ಕೆ ನಿಲ್ಲಿಸುವ ಹಿಡಿಕೆಯೊಂದರಿಂದ ಇದು ಸರಿಹೋಗುತ್ತದೆ.

ಹೆಗಲಿನ ಮೇಲ್ಭಾಗದ ನೋವು ಬೇರೆಯದೇ ಕಥೆ. ಅದಕ್ಕೆ ಮೂರು ಮೂಲಗಳುಂಟು. ಮೊದಲನೆಯದು ಮೇಜಿನ ಎತ್ತರ: ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು ಮೊಣಕೈಯನ್ನು ಸುಮಾರು ಲಂಬಕೋನಕ್ಕೆ ಮಡಚಿದಾಗ ಮುಂಗೈ ಕೀಬೋರ್ಡಿನ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ಬರಬೇಕು. ಸಾಮಾನ್ಯ ಮೇಜುಗಳು 72ರಿಂದ 75 ಸೆಂಟಿಮೀಟರ್ ಎತ್ತರವಿರುತ್ತವೆ, ಎತ್ತರದ ನಿಲುವಿಲ್ಲದವರಿಗೆ ಇದು ಹೆಚ್ಚೇ ಆಗುತ್ತದೆ. ಮೇಜನ್ನು ತಗ್ಗಿಸಲಾಗದಿದ್ದರೆ ಕುರ್ಚಿಯನ್ನು ಏರಿಸಿ, ನೇತಾಡತೊಡಗುವ ಕಾಲುಗಳ ಕೆಳಗೆ ಗಟ್ಟಿಯಾದ ಕಾಲುಮಣೆ ಕೊಡಬೇಕು. ಎರಡನೆಯದು ಕುರ್ಚಿಯ ಕೈಗಳು: ಅವು ಎತ್ತರವಾಗಿದ್ದರೆ ಹೆಗಲನ್ನು ಮೇಲಕ್ಕೆ ತಳ್ಳುತ್ತವೆ, ಅಗಲವಾಗಿದ್ದರೆ ಮೇಜಿಗೆ ಬಡಿದು ಕುರ್ಚಿ ಹತ್ತಿರ ಬರದಂತೆ ತಡೆಯುತ್ತವೆ, ಆಗ ತೋಳು ಮುಂದಕ್ಕೆ ಚಾಚಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಅಂಥ ಕೈಗಳಿಗಿಂತ ಕೈಯಿಲ್ಲದ ಕುರ್ಚಿ ಮೇಲು. ಬಲಹೆಗಲು ಮಾತ್ರ ನೋಯುತ್ತಿದ್ದರೆ ಮೌಸಿನ ಮೇಲೆ ಸಂಶಯಪಡಬೇಕು. ಅಂಕಿಗಳ ಕೀಲಿಗಳಿರುವ ಅಗಲ ಕೀಬೋರ್ಡು ಮೌಸನ್ನು ಬಹಳ ಬಲಕ್ಕೆ ತಳ್ಳುತ್ತದೆ, ಬರೆಯುವವರಿಗೆ ಆ ಅಂಕಿಗಳ ಭಾಗ ಬಹುಪಾಲು ಬೇಕಾಗುವುದೂ ಇಲ್ಲ.

ಮೂರನೆಯ ಮೂಲ ನಾನು ಆರಂಭದಲ್ಲಿ ಹೇಳಿದ ನಿಲುಗಡೆ. ಇದನ್ನು ಹಿಡಿಯಲು ಫೋನಿನಲ್ಲಿ ಪಕ್ಕದಿಂದ ಇಪ್ಪತ್ತು ನಿಮಿಷದ ವಿಡಿಯೊ ತೆಗೆದಿಟ್ಟುಕೊಂಡು, ಕಷ್ಟದ ಭಾಗವನ್ನೇ ಬರೆಯಬೇಕು. ಸುಲಭದ ಪತ್ರ ಬರೆದರೆ ದೋಷ ಹೊರಬೀಳುವುದಿಲ್ಲ. ಆಮೇಲೆ ನೋಡುವಾಗ ಕೈ ನಿಂತಿರುವ ಕ್ಷಣಗಳಲ್ಲಿ ಬೆರಳುಗಳು ಎಲ್ಲಿವೆ, ಹೆಗಲು ಎಷ್ಟು ಏರಿದೆ, ಬೆನ್ನು ಕುರ್ಚಿಯ ಒರಗನ್ನು ಬಿಟ್ಟಿದೆಯೇ ಎಂಬುದನ್ನು ಗಮನಿಸಬೇಕು. ಗಾಳಿಯಲ್ಲಿ ತೂಗಿದ ಎರಡು ಕೈಗಳ ಭಾರವನ್ನು ಹೆಗಲಿನ ಸ್ನಾಯುಗಳು ಯೋಚನೆ ಮುಗಿಯುವವರೆಗೂ ಹೊತ್ತಿರುವುದು ಅಲ್ಲಿ ಕಾಣುತ್ತದೆ. ಪರಿಹಾರ ಸರಳವಾದರೂ ರೂಢಿಯಾಗಲು ವಾರಗಳೇ ಬೇಕು: ಪದ ಸಿಗದೆ ನಿಂತ ಕೂಡಲೇ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಳಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಒರಗಿಕೊಂಡು ಯೋಚಿಸುವುದು. ದೀರ್ಘ ಯೋಚನೆ ಬೇಕಾದರೆ ಎದ್ದು ನಡೆದಾಡುವುದು ಇನ್ನೂ ಒಳ್ಳೆಯದು, ನಡೆಯುವಾಗ ವಾಕ್ಯ ಹೊಳೆಯುವುದಿಲ್ಲವೆಂದು ದೂರಿದ ಬರಹಗಾರರು ವಿರಳ.

ಬೆರಳು, ಮಣಿಕಟ್ಟು, ಮೊಣಕೈ

ಇಲ್ಲಿ ಯಾವ ಬೆರಳು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪತ್ತೆ ಮುಗಿದಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಹೆಬ್ಬೆರಳಿನ ಕಡೆಯ ಅರ್ಧ ಜೋಮು ಹಿಡಿಯುತ್ತಿದ್ದರೆ ಮೀಡಿಯನ್ ನರ ಮಣಿಕಟ್ಟಿನಲ್ಲಿ ಒತ್ತಿಹೋಗುತ್ತಿದೆ ಎಂಬ ಶಂಕೆ ಬಲವಾಗುತ್ತದೆ. ಕಾರ್ಪಲ್ ಟನಲ್ ಎಂದು ಹೆಸರಾದದ್ದು ಇದೇ. ರಾತ್ರಿ ಎಚ್ಚರವಾಗಿ ಕೈಯನ್ನು ಕೊಡವಿದರೆ ಹಗುರವೆನಿಸುವುದು ಇದರ ಗುರುತು. ಎರಡೂ ಹಸ್ತಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗಿರುವಂತೆ ಮಣಿಕಟ್ಟುಗಳನ್ನು 60 ಸೆಕೆಂಡ್ ಮಡಚಿ ಹಿಡಿದಾಗ ಅದೇ ಬೆರಳುಗಳಲ್ಲಿ ಜೋಮು ಬಂದರೆ ಶಂಕೆ ಇನ್ನಷ್ಟು ಗಟ್ಟಿಯಾಗುತ್ತದೆ. ವೈದ್ಯರು ಇದನ್ನು ಫೇಲನ್ ಪರೀಕ್ಷೆ ಎನ್ನುತ್ತಾರೆ. ಇದೊಂದರಿಂದಲೇ ರೋಗ ನಿರ್ಧಾರವಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಕೀಬೋರ್ಡಿನಿಂದಲೇ ಕಾರ್ಪಲ್ ಟನಲ್ ಬರುತ್ತದೆ ಎಂಬ ನಂಬಿಕೆ ಎಷ್ಟು ಹರಡಿದೆಯೋ ಅದಕ್ಕೆ ಇರುವ ಆಧಾರ ಅಷ್ಟು ಗಟ್ಟಿಯಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಗರ್ಭಧಾರಣೆ, ಸಂಧಿವಾತ ಇವು ಕೂಡ ಅದನ್ನು ತರುತ್ತವೆ, ಆದ್ದರಿಂದ ಕೀಬೋರ್ಡ್ ಬದಲಾಯಿಸಿ ಕಾಯುತ್ತಾ ಕೂರದೆ ತಪಾಸಣೆ ಮಾಡಿಸಿಕೊಳ್ಳುವುದು ಮೇಲು. ಹೆಬ್ಬೆರಳಿನ ಬುಡದ ದಪ್ಪ ಸ್ನಾಯು ಸೊರಗತೊಡಗಿದ್ದರೆ ತಡಮಾಡಲೇಬಾರದು.

ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳಿನ ಅರ್ಧ ಮಾತ್ರ ಜೋಮು ಹಿಡಿದರೆ ಮಣಿಕಟ್ಟನ್ನು ಬಿಟ್ಟು ಮೊಣಕೈಗೆ ಹೋಗಬೇಕು. ಮೊಣಕೈ ಎಲ್ಲಿಯಾದರೂ ಬಡಿದಾಗ ಬೆರಳುಗಳವರೆಗೆ ಝುಮ್ಮೆನ್ನಿಸುವ ಅಲ್ನರ್ ನರ ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಯೋಚಿಸುವಾಗ ಗದ್ದಕ್ಕೆ ಕೈಕೊಟ್ಟು ಮೊಣಕೈಯನ್ನು ಮೇಜಿಗೆ ಊರುವವರು, ಗಟ್ಟಿ ಪ್ಲಾಸ್ಟಿಕ್ಕಿನ ಕುರ್ಚಿಕೈಯ ಮೇಲೆ ಭಾರ ಹಾಕುವವರು, ಮೊಣಕೈಯನ್ನು ಪೂರ್ತಿ ಮಡಚಿ ಫೋನನ್ನು ಕಿವಿಗೆ ಹಿಡಿಯುವವರು, ಹಾಗೇ ಮಡಚಿಕೊಂಡು ಮಲಗುವವರು ತಮ್ಮ ಕೀಬೋರ್ಡನ್ನು ದೂರಿ ಪ್ರಯೋಜನವಿಲ್ಲ.

ಜೋಮಿಲ್ಲದೆ ಮಣಿಕಟ್ಟಿನ ಮೇಲ್ಭಾಗ ನೋಯುತ್ತಿದ್ದರೆ ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಡಚಿಡುವುದು ಮೊದಲ ಕೆಲಸ. ಆ ಕಾಲುಗಳು ಹಿಂಬದಿಯನ್ನು ಎತ್ತರಿಸಿ, ಮಣಿಕಟ್ಟು ಹಿಂದಕ್ಕೆ ಬಾಗುವಂತೆ ಮಾಡುತ್ತವೆ. ಬೆರಳು ನೋಡದೆ ಟೈಪ್ ಮಾಡುವವರಿಗೆ ಅವುಗಳಿಂದ ಏನೂ ಲಾಭವಿಲ್ಲ. ಮಣಿಕಟ್ಟಿನ ಆಸರೆ ಪಟ್ಟಿಯ ಮೇಲೆ ಮಣಿಕಟ್ಟನ್ನು ಊರಿಕೊಂಡೇ ಟೈಪ್ ಮಾಡಬಾರದು, ಅದು ನಿಂತಾಗ ಒರಗಲು ಮಾತ್ರ, ಅದೂ ಅಂಗೈಯ ಬುಡಕ್ಕೆ. ಹೆಬ್ಬೆರಳಿನ ಕಡೆಯ ಮಣಿಕಟ್ಟು ನೋಯುತ್ತಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಕಿರುಬೆರಳಿನ ಕಡೆಗೆ ವಾಲಿಸಿದಾಗ ನೋವು ಚುರುಕಾಗಿ ಏಳುವುದಾದರೆ ಅದು ಹೆಬ್ಬೆರಳಿನ ಸ್ನಾಯುರಜ್ಜುಗಳ ಕವಚದ ಊತವಾಗಿರಬಹುದು. ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಇದರ ಹಿಂದೆ ಹೆಬ್ಬೆರಳಿನಿಂದ ಫೋನಿನಲ್ಲಿ ಟೈಪ್ ಮಾಡುವ ಅಭ್ಯಾಸವಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಮೊಣಕೈಯ ಹೊರಬದಿಯ ಗಂಟಿನಲ್ಲಿ ನೋವಿದ್ದರೆ ಮೌಸಿನ ಹಿಡಿತ ಬಿಗಿಯಾಗಿದೆ, ಅಥವಾ ತೋರುಬೆರಳು ಒತ್ತಲು ಸಿದ್ಧವಾಗಿ ಸದಾ ಎತ್ತಿಕೊಂಡೇ ಇದೆ. ಓದುವಾಗ ಮೌಸಿನಿಂದ ಕೈ ತೆಗೆದಿಡುವುದು, ಆಯ್ಕೆ ಮಾಡಲು ಮತ್ತು ಪುಟ ಸರಿಸಲು ಕೀಲಿಗಳನ್ನೇ ಬಳಸುವುದು, ಕೆಲವು ವಾರ ಮೌಸನ್ನು ಇನ್ನೊಂದು ಕೈಗೆ ಕೊಡುವುದು, ಈ ಮೂರೂ ಕೆಲಸಕ್ಕೆ ಬರುತ್ತವೆ. ಶಿಫ್ಟ್ ಕೀಲಿಯನ್ನೂ ಅದರ ಜೊತೆಗಿನ ಅಕ್ಷರವನ್ನೂ ಒಂದೇ ಕೈಯಿಂದ ಒತ್ತಲು ಬೆರಳುಗಳನ್ನು ತಿರುಚುವ ಅಭ್ಯಾಸ ಬಹಳ ಮಂದಿಗಿದೆ. ಎರಡು ಕೈಗಳನ್ನು ಬಳಸಿದರೆ ಕಿರುಬೆರಳಿನ ಎಳೆತ ನಿಲ್ಲುತ್ತದೆ.

ಕಣ್ಣುರಿ, ಮಸುಕು, ಸಂಜೆಯ ತಲೆನೋವು

ಸಾಮಾನ್ಯ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ಮಿಟುಕುವ ರೆಪ್ಪೆಗಳು ಪರದೆಯನ್ನು ನೆಟ್ಟನೋಟದಿಂದ ನೋಡುವಾಗ ಅದರ ಅರ್ಧಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಯುತ್ತವೆ, ಮಿಟುಕಿದರೂ ಪೂರ್ತಿ ಮುಚ್ಚುವುದಿಲ್ಲ. ಉರಿ, ಮರಳು ಬಿದ್ದಂತಹ ಅನುಭವ, ಮಿಟುಕಿಸಿದ ಕೂಡಲೇ ತಿಳಿಯಾಗುವ ಮಸುಕು ಇವು ಕಣ್ಣು ಒಣಗಿರುವುದರ ಗುರುತುಗಳು. ಫ್ಯಾನಿನ ಅಥವಾ ಏಸಿಯ ಗಾಳಿ ನೇರವಾಗಿ ಮುಖಕ್ಕೆ ಬೀಳುತ್ತಿದ್ದರೆ ಅದರ ದಿಕ್ಕು ತಪ್ಪಿಸಬೇಕು. ಪರದೆ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಕಣ್ಣು ಹೆಚ್ಚು ತೆರೆದುಕೊಂಡು ಬೇಗ ಒಣಗುತ್ತದೆ, ಆದ್ದರಿಂದ ಕತ್ತಿಗೆ ಒಳ್ಳೆಯದೆಂದು ಪರದೆಯನ್ನು ಅತಿಯಾಗಿ ಏರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮಿಟುಕಿಸಿದರೂ ಹೋಗದ, ಪರದೆಯಿಂದ ದೂರ ನೋಡಿದಾಗ ಕೆಲ ಕ್ಷಣ ಉಳಿಯುವ ಮಸುಕು ಬೇರೆ: ಅದು ಹತ್ತಿರದ ವಸ್ತುವಿಗೆ ನೋಟವನ್ನು ಹೊಂದಿಸುವ ಕಣ್ಣಿನ ಒಳಸ್ನಾಯುವಿನ ದಣಿವು. 20 ನಿಮಿಷಕ್ಕೊಮ್ಮೆ, 20 ಅಡಿ ಎಂದರೆ ಸುಮಾರು 6 ಮೀಟರ್ ದೂರದ ವಸ್ತುವನ್ನು, 20 ಸೆಕೆಂಡ್ ನೋಡಬೇಕೆಂಬ ರೂಢಿಯ ಸೂತ್ರ ಇದಕ್ಕೆ ಸಾಕು. ನಲವತ್ತು ದಾಟಿದವರಲ್ಲಿ ಪರದೆಯನ್ನು ದೂರ ಸರಿಸಿದರೆ ಸ್ಪಷ್ಟವಾಗುವುದಾದರೆ ಚಾಳೀಸಿನ ಸಮಯ ಬಂದಿದೆ. ಪರದೆ ಸುಮಾರು ಒಂದು ತೋಳಿನಳತೆ ದೂರದಲ್ಲಿರಲಿ. ಕಿಟಕಿ ಪರದೆಯ ಹಿಂದೆಯೂ ಬೇಡ, ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಪರದೆಯನ್ನು ಆರಿಸಿದಾಗ ಅದರಲ್ಲಿ ದೀಪದ ಪ್ರತಿಬಿಂಬ ಕಂಡರೆ ಅದೇ ಪ್ರತಿಬಿಂಬದ ಮೇಲೆ ನಾವು ಇಡೀ ದಿನ ಓದುತ್ತಿದ್ದೇವೆ ಎಂದಾಯಿತು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಹಾಕುವ ಮೊದಲು ಯೋಚಿಸಬೇಕು: ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಕಂಪ್ಯೂಟರ್ ಬಳಕೆಯಿಂದ ಬರುವ ಕಣ್ಣಿನ ಆಯಾಸವನ್ನು ಕಡಿಮೆ ಮಾಡುವುದರಲ್ಲಿ ಅಲ್ಪಾವಧಿಯಲ್ಲಿ ಅವು ಸಾಮಾನ್ಯ ಮಸೂರಗಳಿಗಿಂತ ಮೇಲೆಂದು ಕಾಣಲಿಲ್ಲ.

ಸೊಂಟ, ತೊಡೆ, ಕಾಲು

ಬೆನ್ನು ಒರಗನ್ನು ಯಾವಾಗ ಬಿಡುತ್ತದೆ ಎಂಬುದನ್ನು ಅದೇ ವಿಡಿಯೊದಲ್ಲಿ ನೋಡಬಹುದು. ಹೊಸದಾಗಿ ಬರೆಯುವಾಗ ಒರಗಿದ್ದು, ಬರೆದದ್ದನ್ನು ತಿದ್ದುವಾಗ ಮಾತ್ರ ಮುಂದೆ ಬಾಗುವವರಿಗೆ ಅಕ್ಷರ ಸಣ್ಣದಾಗಿದೆ. ಪರದೆಯ ಮೇಲಿನ ಗಾತ್ರವನ್ನು ಹೆಚ್ಚಿಸಿದರೆ ಮುಗಿಯಿತು, ಮುದ್ರಣದ ಗಾತ್ರ ಅದರಿಂದ ಬದಲಾಗುವುದಿಲ್ಲ. ಯಾವಾಗಲೂ ಒರಗು ತಾಗದೇ ಕೂರುವವರು ಕುರ್ಚಿಯ ಆಳವನ್ನು ಅಳೆಯಬೇಕು: ಒರಗಿ ಕುಳಿತಾಗ ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಆಸನ ಆಳವಾಗಿದೆ, ಬೆನ್ನ ಹಿಂದೆ ಮಡಚಿದ ಟವೆಲನ್ನು ಇಟ್ಟು ನೋಡಬಹುದು. ತೊಡೆಯ ಕೆಳಭಾಗ ಮರಗಟ್ಟುವುದು ಆಸನ ಎತ್ತರವಾಗಿರುವುದಕ್ಕೆ ಸಾಕ್ಷಿ.

ಲಂಬಕೋನದಲ್ಲಿ ನೆಟ್ಟಗೆ ಕುಳಿತಿರಬೇಕೆಂಬ ಹಳೆಯ ಉಪದೇಶವನ್ನು ಬದಿಗಿಡಬಹುದು. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿನೊಳಗಿನ ಒತ್ತಡವನ್ನು ಅಳೆದಾಗ, ಆಸರೆಯಿಲ್ಲದೆ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೆಂದು ಕಂಡಿತ್ತು. 1990ರ ದಶಕದ ಅಳತೆಗಳಲ್ಲಿ ಈ ಅಂತರ ಅಷ್ಟಾಗಿ ಕಾಣದಿದ್ದರೂ, ಒರಗಿದಾಗ ಒತ್ತಡ ಇಳಿಯುತ್ತದೆ ಎಂಬ ವಿಷಯದಲ್ಲಿ ಗೊಂದಲವಿಲ್ಲ. ಒರಗನ್ನು 100ರಿಂದ 110 ಡಿಗ್ರಿಗೆ ಸಡಿಲಿಸಿ, ಸೊಂಟದ ಒಳಬಾಗಿಗೆ ಆಸರೆ ಕೊಟ್ಟು ಕುಳಿತರೆ ಬೆನ್ನಿನ ಭಾರದ ಒಂದು ಪಾಲನ್ನು ಕುರ್ಚಿ ಹೊರುತ್ತದೆ. ನಿಂತು ಬರೆಯುವ ಮೇಜೂ ಪೂರ್ಣ ಪರಿಹಾರವಲ್ಲ. ಇಡೀ ದಿನ ನಿಂತವರ ಕಾಲು ಮತ್ತು ಸೊಂಟ ತಮ್ಮದೇ ತಕರಾರು ತೆಗೆಯುತ್ತವೆ. ಅದರ ಪ್ರಯೋಜನವಿರುವುದು ಕುಳಿತು ನಿಂತು ಬದಲಾಯಿಸುವುದರಲ್ಲಿ.

ನೋವು ಪೃಷ್ಠದಿಂದ ಹೊರಟು ಮಂಡಿಯನ್ನು ದಾಟಿ ಪಾದದವರೆಗೆ ಗೆರೆ ಎಳೆದಂತೆ ಇಳಿಯುತ್ತಿದ್ದರೆ ಅದು ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು ಆಗಿರಬಹುದು. ಹಿಂಬದಿ ಜೇಬನ್ನು ಖಾಲಿ ಮಾಡಿ ಒಂದು ವಾರ ನೋಡಿದ ಮೇಲೂ ಉಳಿದರೆ ವೈದ್ಯರ ಬಳಿ ಹೋಗಬೇಕು.

ಎಲ್ಲ ಅಳತೆಯೂ ಸರಿಯಿದ್ದು ನೋವು ಉಳಿದರೆ

ಆಗ ಉಳಿಯುವ ಶಂಕಿತರು ಎರಡೇ. ಒಂದು, ಎಷ್ಟು ಹೊತ್ತು ಅಲುಗಾಡದೆ ಕುಳಿತಿದ್ದೇವೆ ಎಂಬುದು. ಅತ್ಯುತ್ತಮ ಭಂಗಿಯೂ ಎರಡು ಗಂಟೆ ಮುಂದುವರಿದರೆ ಕೆಟ್ಟ ಭಂಗಿಯೇ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆದಾಡಿ ಎರಡು ವಾರ ನೋಡಬೇಕು. ಬರಹದ ಓಟ ಮುರಿಯುತ್ತದೆ ಎಂಬ ಆಕ್ಷೇಪಕ್ಕೆ ಒಂದು ಉಪಾಯವುಂಟು: ಗಂಟೆ ಬಾರಿಸಿದಾಗ ವಾಕ್ಯ ಮುಗಿಸಿ ಏಳುವ ಬದಲು, ಅರ್ಧ ವಾಕ್ಯದಲ್ಲೇ ಏಳುವುದು, ಮರಳಿ ಬಂದಾಗ ಎಲ್ಲಿಂದ ಶುರು ಮಾಡಬೇಕೆಂಬ ಹುಡುಕಾಟ ಆಗ ಇರುವುದಿಲ್ಲ. ದಿನಕ್ಕೆರಡು ಬಾರಿ ಮಾಡುವ ಕತ್ತಿನ ವ್ಯಾಯಾಮ ಈ ಏಳುವಿಕೆಗೆ ಬದಲಿಯಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿರುವುದು ಇದಕ್ಕೆ ಹೊರತಾದ ಲೆಕ್ಕ. ಕೈಗೆ ಬಿಡುವು ಕೊಡಲು ಮಾತಿನಿಂದ ಬರೆಯಿಸುವ ಸೌಲಭ್ಯವನ್ನು ಕರಡು ಹಂತದಲ್ಲಿ ಬಳಸಬಹುದು, ಆದರೆ ಅದನ್ನೇ ಗಂಟೆಗಟ್ಟಲೆ ನಡೆಸಿದರೆ ಗಂಟಲು ಕಟ್ಟುತ್ತದೆ.

ಇನ್ನೊಂದು, ದೋಷ ದೇಹದೊಳಗೇ ಇರುವುದು. ಚಿಕ್ಕ ವಯಸ್ಸಿನಲ್ಲಿ ಶುರುವಾಗಿ, ತಿಂಗಳುಗಟ್ಟಲೆ ಉಳಿದು, ರಾತ್ರಿಯ ಉತ್ತರಾರ್ಧದಲ್ಲಿ ಎಚ್ಚರಗೊಳಿಸಿ, ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಬೆನ್ನನ್ನು ಬಿಗಿಹಿಡಿದು, ವಿಶ್ರಾಂತಿಯಿಂದ ಹೆಚ್ಚಿ ಓಡಾಟದಿಂದ ತಗ್ಗುವ ನೋವು ಉರಿಯೂತದ ಸಂಧಿರೋಗದ ಸೂಚನೆಯಾಗಿರಬಹುದು. ಬರವಣಿಗೆಯ ನೋವು ಇದಕ್ಕೆ ತದ್ವಿರುದ್ಧವಾಗಿ ವಿಶ್ರಾಂತಿಯಲ್ಲಿ ಇಳಿಯುತ್ತದೆ. ವೈದ್ಯರನ್ನು ಕಾಣುವಾಗ ‘ಕಂಪ್ಯೂಟರ್ ಕೆಲಸ ಮಾಡುತ್ತೇನೆ, ಮೈಕೈ ನೋವು’ ಎಂದಷ್ಟೇ ಹೇಳಿದರೆ ಅವರೂ ಕುರ್ಚಿಯ ಬಗ್ಗೆಯೇ ಮಾತಾಡಬೇಕಾಗುತ್ತದೆ. ಗುರುತು ಹಾಕಿಕೊಂಡ ಆ ಹಾಳೆಯನ್ನು ಕೊಂಡೊಯ್ದು, ಯಾವ ಬೆರಳು, ಯಾವ ಹೊತ್ತು, ಏನು ಮಾಡಿದರೆ ಹೆಚ್ಚುತ್ತದೆ, ಯಾವುದನ್ನು ಬದಲಾಯಿಸಿದಾಗ ಏನಾಯಿತು, ಬರೆಯದ ದಿನಗಳಲ್ಲಿ ಹೇಗಿತ್ತು ಎಂಬುದನ್ನು ತೋರಿಸಿದರೆ ನರದ ಪರೀಕ್ಷೆ ಬೇಕೇ, ರಕ್ತಪರೀಕ್ಷೆ ಬೇಕೇ, ಕಣ್ಣಿನ ತಪಾಸಣೆ ಬೇಕೇ ಎಂಬುದನ್ನು ಅವರು ಆ ಭೇಟಿಯಲ್ಲೇ ನಿರ್ಧರಿಸಬಹುದು.